ಕೆನ್ನೆಯಲ್ಲಿ ಊದಿದ ಗುಂಡು

ಫೆಬ್ರುವರಿ ೧೧, ಭಾನುವಾರ

ಪ್ರೀತಿಯ ಮೊಟ್ಟೆಗೆ,

ನಿನ್ನ ಕಾಗದ ಬಂದು ಮೇಜಿನ ಮೇಲೆ ಕೂತು ಎಷ್ಟು ದಿನವಾಯಿತೋ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅದು ನನ್ನನ್ನೇ ನೋಡುತ್ತಿರುತ್ತದೆ, ನಾನು ಕಾಣದವಳ ಹಾಗೆ ಚಪ್ಪಲಿ ಮೆಟ್ಟಿಕೊಂಡು ಓಡುತ್ತೇನೆ. ಬೈಯಬೇಡ. ಬೈಯಲೇಬೇಕು ಅಂತಿದ್ದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈಯಿ. ಫೋನು ಮಾಡಬಾರದಿತ್ತಾ ಅಂತ ಕೇಳುವ ಹಕ್ಕು ಮಾತ್ರ ನಿನಗಿಲ್ಲ. ದೊಡ್ಡ ಸುದ್ದಿಯನ್ನು ಬರೆದೇ ತಿಳಿಸಬೇಕು ಅಂತ ಕಟ್ಟಳೆ ಮಾಡಿದವಳು ನೀನು. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಸೋಂಕು ತಗಲೀತು ಅಂತ ನಮ್ಮನ್ನು ಬೇರೆ ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿದಾಗ, ಮಾತ್ರೆ ಡಬ್ಬದ ರಟ್ಟು ಹರಿದು, ಅದರ ಹಿಂದೆ ಗೀಚಿ, ನೆಲ ಒರೆಸುವ ಆಂಟಿಯ ಕೈಲಿ ಕಳಿಸುತ್ತಿದ್ದೆಯಲ್ಲ: ‘ಕುಂಬಳಕಾಯಿ, ಇವತ್ತು ನನಗೆ ಎರಡು ಸಲ ವಾಂತಿ. ನಿನಗೆಷ್ಟು?’ ಎಂಟು ವರ್ಷದ ಹುಡುಗಿಗೆ ಪೈಪೋಟಿ ಮಾಡೋಕೆ ಬೇರೆ ವಿಷಯವೇ ಸಿಕ್ಕಿರಲಿಲ್ಲ.

ಸರಿ, ಸುದ್ದಿಗೆ ಬರುತ್ತೇನೆ. ನಾನು ಬಸುರಿ.

ಕಣ್ಣುಜ್ಜಿಕೊಂಡು ಇನ್ನೊಂದು ಸಲ ಓದಬೇಡ, ಅಷ್ಟೇ ಬರೆದಿರುವುದು. ಮೂರು ತಿಂಗಳು ತುಂಬಿತು. ಸಲೂನಿನ ಯಜಮಾನರು, ಅಂದರೆ ನನ್ನ ಗಂಡ, ಸುದ್ದಿ ಕೇಳಿದ್ದೇ ತಡ, ಗಿರಾಕಿಯ ತಲೆಯನ್ನು ಅರ್ಧಕ್ಕೇ ಬಿಟ್ಟು ಬೀದಿ ದಾಟಿ ನಮ್ಮ ಗಾಜಿನ ಕಾರ್ಖಾನೆಯೊಳಗೆ ನುಗ್ಗಿದ. ಅವನ ಹಿಂದೆಯೇ ಆ ಗಿರಾಕಿಯೂ ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯ ಸಮೇತ ಬಂದು, ‘ಒಳ್ಳೇದಾಗ್ಲಿ, ತುಂಬಾ ಸಂತೋಷ. ಮೊದಲು ನನ್ನ ಬಲಗಡೆ ಮುಗಿಸಪ್ಪ’ ಅಂದ. ಬೋಳುತಲೆಯಲ್ಲಿ ಬೆಳೆದವಳಿಗೆ ಸಲೂನಿನವನೇ ಗಂಟುಬಿದ್ದ ಅಂತ ಮದುವೆಯ ದಿನ ನೀನು ಬಿದ್ದು ಬಿದ್ದು ನಕ್ಕಿದ್ದೆ. ಈಗ ನಗು ನೋಡೋಣ.

ನೀನು ನಗುವುದಿಲ್ಲ, ನನಗೆ ಗೊತ್ತು. ವಾರ್ಡಿನಲ್ಲಿ ನಮ್ಮ ಜೊತೆಗಿದ್ದ ಮೂರನೆಯವಳು, ನಮ್ಮ ಗುಬ್ಬಿ, ಹೆರಿಗೆಯಾಗಿ ತೀರಿಕೊಂಡಾಗಿನಿಂದ ನೀನು ಮಗುವಿನ ಮಾತೆತ್ತಿಲ್ಲ. ‘ನಾನೂ ನನ್ನ ಗಂಡನೂ ಮಗು ಬೇಡ ಅಂತ ತೀರ್ಮಾನ ಮಾಡಿದೀವಿ, ಯಾಕೆ ಅಂತ ಕೇಳಬೇಡ’ ಅಂತ ಹೋದ ಕಾಗದದಲ್ಲಿ ಒಂದೇ ಸಾಲು ಬರೆದು, ಉಳಿದ ಎರಡು ಪುಟ ನೀನು ಓಡಿಸುವ ಬಸ್ಸಿನ ವಿಷಯ ತುಂಬಿದ್ದೀಯ. ಕೇಳುವುದಿಲ್ಲ ಮಾರಾಯ್ತಿ. ಮಗು ಬೇಡ ಅನ್ನುವುದು ನಿಮ್ಮಿಷ್ಟ. ಆದರೆ ಭಯಕ್ಕೆ ಬೇಡ ಅನ್ನುತ್ತಿದ್ದೀಯೋ, ಮನಸ್ಸಿಗೆ ಬೇಡ ಅನ್ನುತ್ತಿದ್ದೀಯೋ ಅಂತ ನನಗೆ ಅನುಮಾನ. ಅದಕ್ಕೇ ನನ್ನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಹೆರಿಗೆ ಡಾಕ್ಟರು ಮೊದಲ ದಿನವೇ, ‘ಚಿಕ್ಕವರಿದ್ದಾಗ ದೊಡ್ಡ ಕಾಯಿಲೆ ಏನಾದ್ರೂ ಬಂದಿತ್ತಾ?’ ಅಂತ ಕೇಳಿದರು. ‘ರಕ್ತದ ಕ್ಯಾನ್ಸರ್, ಎಂಟನೇ ವಯಸ್ಸಲ್ಲಿ’ ಅಂದೆ. ಬರೆಯುತ್ತಿದ್ದ ಪೆನ್ನು ನಿಂತಿತು. ಯಾವ ಔಷಧಿ ಕೊಟ್ಟಿದ್ದರು ಅಂದರು. ‘ಹೆಸರು ಗೊತ್ತಿಲ್ಲ ಡಾಕ್ಟ್ರೇ. ನಾವು ಕೆಂಪು ಶರಬತ್ತು ಅಂತಿದ್ವಿ. ನರಕ್ಕೆ ಹಾಕ್ತಿದ್ರು. ಆಮೇಲೆ ಮೂತ್ರಾನೂ ಕೆಂಪಗೆ ಬರ್ತಿತ್ತು’ ಅಂದೆ. ಅವರು ನಗಲಿಲ್ಲ. ಗೊತ್ತಾಯಿತು ಅಂತ ತಲೆಯಾಡಿಸಿ, ನಮ್ಮ ಹಳೆಯ ಆಸ್ಪತ್ರೆಯಿಂದ ವಿವರ ತರಿಸಿ, ಹೃದಯದ ಡಾಕ್ಟರ ಹತ್ತಿರ ಕಳಿಸಿದರು.

ಹೃದಯದ ಡಾಕ್ಟರು ನನ್ನ ಭುಜಕ್ಕೆ ಬರುವಷ್ಟು ಗಿಡ್ಡ. ದನಿ ಮಾತ್ರ ನಿನ್ನ ಬಸ್ಸಿನ ಹಾರನ್ನು. ‘ನೋಡಮ್ಮ, ಆ ಔಷಧಿ ನಿನ್ನ ಪ್ರಾಣ ಉಳಿಸಿದೆ. ಅದನ್ನ ಬೈಯೋದು ಬೇಡ. ಆದ್ರೆ ಕೆಲವರಿಗೆ ಅದು ಹೃದಯದ ಸ್ನಾಯುನ ಸ್ವಲ್ಪ ಸೊರಗಿಸಿರುತ್ತೆ. ಸುಮ್ನೆ ಓಡಾಡ್ಕೊಂಡಿದ್ರೆ ವರ್ಷಗಟ್ಟಲೆ ಗೊತ್ತೇ ಆಗಲ್ಲ. ಬಸುರಾದಾಗ ಮೈಯಲ್ಲಿ ರಕ್ತ ಜಾಸ್ತಿ ಆಗುತ್ತೆ. ಅಷ್ಟನ್ನೂ ತಳ್ಳೋ ಹೊತ್ತಿಗೆ ಹೃದಯಕ್ಕೆ ಸುಸ್ತಾಗಬಹುದು’ ಅಂದರು. ಎದೆಗೆ ತಣ್ಣನೆಯ ಅಂಟು ಹಚ್ಚಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ನನ್ನ ಹೃದಯ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು, ನೀರಿನಿಂದ ಮೇಲೆತ್ತಿದ ಮೀನಿನ ಹಾಗೆ. ನಾನು ಹೆರಬಹುದಾ ಅಂತ ಕೇಳಿದೆ.

‘ಯಾಕಾಗಬಾರದು? ಈಗ ಚೆನ್ನಾಗೇ ಇದೆ. ನಿನ್ನಂಥ ಹೆಚ್ಚಿನವರು ಸುಖವಾಗಿ ಹೆತ್ತು ಮನೆಗೆ ಹೋಗ್ತಾರೆ. ಆರನೇ ತಿಂಗಳಲ್ಲಿ ಮತ್ತೆ ಬಾ, ಎಂಟರಲ್ಲಿ ಮತ್ತೆ ಬಾ, ಹೆರಿಗೆ ಆದ್ಮೇಲೂ ಬಾ. ಮಧ್ಯದಲ್ಲಿ ಮಲಗಿದಾಗ ಉಸಿರು ಕಟ್ಟಿದ್ರೆ, ಕಾಲು ಊದಿದ್ರೆ, ಎದೆ ಡವಡವ ಅಂದ್ರೆ ದಿನ ನೋಡಬೇಡ, ಬಾ.’

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗಂಡನೂ ನಾನೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಹಸಿವಾಯಿತು, ಎದ್ದು ಹೋದೆವು.

ಅಷ್ಟು ದೊಡ್ಡ ಬಸ್ಸಿನ ಬ್ರೇಕನ್ನು ದಿನಾ ಬೆಳಿಗ್ಗೆ ಒತ್ತಿ ನೋಡುತ್ತೀಯಲ್ಲ, ನಿನ್ನ ಎದೆಯನ್ನು ಒಂದು ಸಲವಾದರೂ ತೋರಿಸಿದ್ದೀಯಾ? ಮಗು ಬೇಡವಾದರೆ ಬೇಡ. ನಿನಗೋಸ್ಕರ ತೋರಿಸು.

ಇಂತಿ ನಿನ್ನ
ಕುಂಬಳಕಾಯಿ


ಜೂನ್ ೨, ಶನಿವಾರ

ಮೊಟ್ಟೆ,

ಆಸ್ಪತ್ರೆಯ ಹೆಸರಿರುವ ಕಾಗದದಲ್ಲಿ ಬರೆಯುತ್ತಿದ್ದೇನೆ ಅಂತ ಹೆದರಬೇಡ. ನಾನು ಮನೆಗೆ ಬಂದಾಯಿತು, ಕಾಗದವನ್ನೂ ಜೊತೆಗೆ ಎತ್ತಿಕೊಂಡು ಬಂದೆ. ನಿನ್ನ ಕಾಗದಕ್ಕೆ ಉತ್ತರಿಸಲು ತಡವಾಯಿತು, ಅದಕ್ಕೆ ಕಾರಣವೂ ಇದರಲ್ಲೇ ಇದೆ. ನೀನು ಹುಷಾರಾಗಿರು, ಹುಷಾರಾಗಿರು ಅಂತ ಮೂರು ಸಲ ಬರೆದಿದ್ದೆ. ನಿನ್ನ ಮಾತು ಕೇಳುವ ಜಾತಿಯವಳಲ್ಲ ನಾನು, ಏನು ಮಾಡಲಿ.

ನಮ್ಮ ಕಾರ್ಖಾನೆಯ ಕಿಟಕಿಯ ಮೇಲೆ ಒಂದು ತಂತಿ ಕಟ್ಟಿದೆ, ನಿನಗೆ ತೋರಿಸಿದ್ದೆ, ಮರೆತಿರುತ್ತೀಯ. ಅದರ ತುಂಬ ನಿಂಬೆಹಣ್ಣಿನ ಗಾತ್ರದ ಗಾಜಿನ ಗುಂಡುಗಳು. ಪ್ರಯೋಗಶಾಲೆಗಳಿಗೆ ಗಾಜಿನ ಕೊಳವೆ, ದುಂಡು ತಳದ ಬುರುಡೆ ಊದುವುದು ನಮ್ಮ ಹೊಟ್ಟೆಪಾಡು. ಆದರೆ ಆ ಗುಂಡುಗಳನ್ನು ಯಾರೂ ಮಾರುವಂತಿಲ್ಲ. ಕೆಲಸ ಕಾಯಂ ಆದ ದಿನ ಪ್ರತಿಯೊಬ್ಬರೂ ಒಂದು ಊದಬೇಕು. ತಿಂಗಳುಗಟ್ಟಲೆ ರಜೆ ಹಾಕಿ ವಾಪಸು ಬಂದವರೂ ಊದಬೇಕು. ಒಂದೇ ಉಸಿರು. ನಡುವೆ ಬಾಯಿ ತೆಗೆದರೆ ಮೇಸ್ತ್ರಿ ಅದನ್ನು ಒಡೆದು ಪುಡಿಗಾಜಿನ ಡಬ್ಬಕ್ಕೆ ಹಾಕುತ್ತಾರೆ. ಒಂದುಸಿರಿನ ಗುಂಡು ಅಂದರೆ ಮನುಷ್ಯ ಗಟ್ಟಿ ಇದ್ದಾನೆ ಅಂತ ಲೆಕ್ಕ. ಕಾಯಿಲೆ ಬಿದ್ದು ಎದ್ದವರು ಡಾಕ್ಟರ ಚೀಟಿ ತಂದರೂ ಮೇಸ್ತ್ರಿ ತೋರಿಸುವುದು ಕಿಟಕಿಯ ಮೇಲಿನ ತಂತಿಯನ್ನೇ.

ಆರನೇ ತಿಂಗಳ ಸ್ಕ್ಯಾನಿಗೆ ಹೋಗಬೇಕಾದ ದಿನ ವಿಶ್ವವಿದ್ಯಾಲಯಕ್ಕೆ ಬುರುಡೆಗಳ ದೊಡ್ಡ ಆರ್ಡರು ಹೊರಡುವುದಿತ್ತು. ಮನಸ್ಸಿಗೆ ಬಹಳ ಉಲ್ಲಾಸ, ಮೈ ಹಗುರ. ಊಟದ ಬಿಡುವಿನಲ್ಲಿ ಪಕ್ಕದ ಮೇಜಿನವಳು, ‘ಏನಮ್ಮ, ಹೊಟ್ಟೆ ದೊಡ್ಡದಾಯ್ತು, ಈಗ ಊದೋಕಾಗುತ್ತಾ?’ ಅಂತ ಕಿಚಾಯಿಸಿದಳು. ನನ್ನ ಮೂಗಿನ ತುದಿಗೆ ಸಿಟ್ಟು ಬರೋಕೆ ಅಷ್ಟೇ ಸಾಕಲ್ಲ. ಕೊಳವೆ ಎತ್ತಿಕೊಂಡೆ, ಉರಿಗೆ ಹಿಡಿದು ತಿರುಗಿಸಿದೆ, ತುದಿ ಕೆಂಪಾಗಿ ತೂಗಾಡುವ ಹೊತ್ತಿಗೆ ತುಟಿಗಿಟ್ಟು ಊದಿದೆ. ಗುಂಡು ಬಂತು ನೋಡು, ಕೈವಾರ ಇಟ್ಟು ಎಳೆದ ಹಾಗೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ಉಸಿರಿರುವವಳ ಎದೆಗೆ ಏನಾಗಿರುತ್ತೆ ಅಂದುಕೊಂಡು ಸ್ಕ್ಯಾನಿಗೆ ಚಕ್ಕರ್ ಹೊಡೆದೆ. ಸಂಜೆ ಗಂಡ ಕೇಳಿದಾಗ ‘ಎಲ್ಲಾ ದುಂಡಗಿದೆ’ ಅಂದೆ. ಸುಳ್ಳಲ್ಲ, ಗುಂಡು ದುಂಡಗೇ ಇತ್ತು.

ಮೇಸ್ತ್ರಿ ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಗುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ತಂತಿಗೆ ಹಾಕದೆ ತಮ್ಮ ಮೇಜಿನ ಖಾನೆಗೆ ಹಾಕಿಕೊಂಡರು. ‘ಇದು ಕೆನ್ನೇಲಿ ಊದಿದ್ದಮ್ಮ. ಪುಸ್ ಪುಸ್ ಅಂತ ಸಣ್ಣ ಸಣ್ಣದಾಗಿ ತುಂಬಿದೀಯ. ಇದು ಲೆಕ್ಕಕ್ಕಿಲ್ಲ’ ಅಂದರು. ನನಗೆ ಮೈಯೆಲ್ಲ ಉರಿಯಿತು. ಒಳಗೊಳಗೇ ನಿಜ ಅಂತಲೂ ಗೊತ್ತಿತ್ತು. ವಾರ್ಡಿನಲ್ಲಿ ಮಾತ್ರೆಗಳಿಂದ ಊದಿಕೊಂಡ ಈ ಕೆನ್ನೆ ನೋಡಿಯೇ ಅಲ್ಲವೇ ನೀನು ನನಗೆ ಕುಂಬಳಕಾಯಿ ಅಂತ ಹೆಸರಿಟ್ಟದ್ದು? ಊತ ಇಳಿದರೂ ಕೆನ್ನೆ ಸಡಿಲವಾಗೇ ಉಳಿಯಿತು, ಅದೇ ಈಗ ನನಗೆ ಅನ್ನ ಹಾಕುತ್ತಿದೆ. ಅಭ್ಯಾಸಬಲದಿಂದ ಕೆನ್ನೆಯೇ ಕೆಲಸ ಮಾಡಿಬಿಟ್ಟಿತ್ತು, ಎದೆಯನ್ನು ಕೇಳಲೇ ಇಲ್ಲ.

ಆಮೇಲೆ ಮಲಗಿದರೆ ಕೆಮ್ಮು ಶುರುವಾಯಿತು. ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಕಡೆಗೆ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡತೊಡಗಿದೆ. ಚಪ್ಪಲಿಯ ಪಟ್ಟಿ ಪಾದದ ಮೇಲೆ ಅಚ್ಚು ಒತ್ತಿ ಗುಂಡಿ ಬೀಳುತ್ತಿತ್ತು. ಅತ್ತೆ ಅದನ್ನು ನೋಡಿ, ‘ಬಸುರೀಗೆ ಉಸಿರು ಕಟ್ಟೋದು, ಕಾಲು ಊದೋದು ಎಲ್ಲಾ ಇದ್ದದ್ದೇ ಕಣೆ. ನಿನ್ನ ಗಂಡ ಹೊಟ್ಟೇಲಿದ್ದಾಗ ನಾನು ಬಾಗಿಲಲ್ಲಿ ಅಡ್ಡಡ್ಡ ನಡೀತಿದ್ದೆ’ ಅಂದರು. ಪಾಪ, ಧೈರ್ಯ ಹೇಳಲೆಂದೇ ಅಂದದ್ದು.

ಆದರೆ ‘ಇದ್ದದ್ದೇ’ ಅನ್ನುವ ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಗುಬ್ಬಿ ನೆನಪಾದಳು. ಗುಬ್ಬಿ ಹೋದ ದಿನ ಅವಳ ಮನೆಯ ಹಜಾರದಲ್ಲಿ ನೀನೂ ನನ್ನ ಪಕ್ಕದಲ್ಲೇ ಕೂತಿದ್ದೆ. ಉಸಿರು ಕಟ್ಟುತ್ತೆ ಅಂತಿದ್ದಳು, ಬಸುರೀಗೆ ಅದೆಲ್ಲ ಇದ್ದದ್ದೇ ಅಂತ ನಾವು ಸುಮ್ಮನಾದೆವು ಅಂತ ಅವಳ ಗಂಡನ ಮನೆಯವರು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಕುರ್ಚಿಯಿಂದ ಎದ್ದು, ‘ಅತ್ತೆ, ಚಪ್ಪಲಿ ಹಾಕ್ಕೊಳ್ಳಿ, ಆಸ್ಪತ್ರೆಗೆ ಹೋಗ್ಬೇಕು’ ಅಂದೆ.

ಗಿಡ್ಡ ಡಾಕ್ಟರು ಸ್ಕ್ಯಾನ್ ಮಾಡುತ್ತಾ ಪರದೆಯ ಹತ್ತಿರಕ್ಕೆ ಬಾಗಿದರು. ಆಮೇಲೆ, ‘ಹೋದ ತಿಂಗಳು ಯಾಕೆ ಬರಲಿಲ್ಲ?’ ಅಂದರು. ಗಾಜಿನ ಗುಂಡಿನ ಕಥೆ ಹೇಳಿದೆ. ಬೈಗುಳ ಬೀಳುತ್ತದೆ ಅಂತ ಕಣ್ಣು ಮುಚ್ಚಿಕೊಂಡಿದ್ದೆ. ಅವರು, ‘ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದೀನಿ, ಹೃದಯಾನ ಗಾಜಿನಲ್ಲಿ ಪರೀಕ್ಷೆ ಮಾಡ್ಕೊಂಡು ಬಂದವಳು ನೀನೊಬ್ಬಳೇ’ ಅಂದರು. ನಕ್ಕರು. ನಕ್ಕು ಮುಗಿದ ಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ನನ್ನ ಕೈ ಹಿಡಿದುಕೊಂಡರು. ಹೃದಯ ತಳ್ಳುವ ಶಕ್ತಿ ಕಡಿಮೆಯಾಗಿದೆಯಂತೆ. ತೀರಾ ಅಲ್ಲ, ಆದರೆ ಕಡಿಮೆ. ಮಗುವಿಗೆ ತೊಂದರೆ ಮಾಡದ ಮಾತ್ರೆಗಳಿವೆ, ಮೈಯ ನೀರು ಇಳಿಸುತ್ತೇವೆ, ಹೃದಯಕ್ಕೆ ಆಸರೆ ಕೊಡುತ್ತೇವೆ. ಇನ್ನೂ ಕುಸಿದರೆ ಮಗುವನ್ನು ತಿಂಗಳು ತುಂಬುವ ಮೊದಲೇ ತೆಗೆಯಬೇಕಾಗುತ್ತದೆ. ಮೊದಲು ನೀನು ಅಂದರು.

‘ಇಬ್ರೂ ಬೇಕು ಡಾಕ್ಟ್ರೇ’ ಅಂದೆ.

‘ನನಗೂ ಇಬ್ರೂ ಬೇಕು. ಅದಕ್ಕೇ ಇನ್ಮೇಲೆ ನನ್ನ ಮಾತು ಕೇಳು, ಗುಂಡಿನ ಮಾತಲ್ಲ.’

ಒಂದು ವಾರ ಅಲ್ಲೇ ಇಟ್ಟುಕೊಂಡು ಕಳಿಸಿದ್ದಾರೆ. ಈಗ ಚಪ್ಪಟೆಯಾಗಿ ಅಲ್ಲದಿದ್ದರೂ ಒಂದೂವರೆ ದಿಂಬಿನಲ್ಲಿ ಮಲಗುತ್ತೇನೆ. ಮನೆಯಲ್ಲಿ ಅತ್ತೆಯ ದರ್ಬಾರು. ‘ಇದ್ದದ್ದೇ ಅಂದ ನನ್ನ ಬಾಯಿಗಿಷ್ಟು’ ಅಂತ ಬೈದುಕೊಳ್ಳುತ್ತಾ ಉಪ್ಪಿನ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ, ಬೀಗದ ಕೈ ಸೊಂಟದಲ್ಲಿ. ಡಾಕ್ಟರು ದಿನಾ ತೂಕ ನೋಡಿ ಅಂದಿದ್ದಾರೆ. ಮೇಸ್ತ್ರಿ ಕಾರ್ಖಾನೆಯ ಪಾರ್ಸಲ್ ತೂಗುವ ತಕ್ಕಡಿಯನ್ನೇ ಕಳಿಸಿಕೊಟ್ಟರು. ಜೊತೆಗೆ ಪೆಟ್ಟಿಗೆಗಳಿಗೆ ಅಂಟಿಸುವ ಕೆಂಪು ಚೀಟಿಯೊಂದು ಅಂಟಿಕೊಂಡು ಬಂದಿತ್ತು, ‘ಎಚ್ಚರಿಕೆ, ಒಡೆಯುವ ವಸ್ತು’ ಅಂತ. ಅತ್ತೆ ಅದನ್ನು ಕಿತ್ತು ನನ್ನ ಬೆನ್ನಿಗೆ ಹಚ್ಚಿದರು. ಅರ್ಧ ದಿನ ಅದನ್ನು ಹೊತ್ತುಕೊಂಡೇ ಓಡಾಡಿದ್ದೇನೆ, ಕತ್ತೆಯ ಹಾಗೆ.

ಹೆದರಿಕೆ ಇದೆ ಮೊಟ್ಟೆ. ನಗಿಸುತ್ತಾ ಬರೆದರೂ ಇದೆ. ಸ್ನಾನದ ಕೋಣೆಯಲ್ಲಿ ನೀರು ಜೋರಾಗಿ ಬಿಟ್ಟುಕೊಂಡು ಅಳುತ್ತೇನೆ, ಆಮೇಲೆ ಹೊಟ್ಟೆಯೊಳಗಿನದು ಒದೆಯುತ್ತದೆ, ಅಳು ನಿಲ್ಲಿಸುತ್ತೇನೆ. ನೀನು ಬರೆಯಬೇಕಾದರೆ ಧೈರ್ಯದ ಮಾತು ಬರೆ. ಇಲ್ಲದಿದ್ದರೆ ಬಸ್ಸಿನ ವಿಷಯವನ್ನೇ ಬರೆ.

ನಿನ್ನ
ಕುಂಬಳಕಾಯಿ


ಅಕ್ಟೋಬರ್ ೧೯, ಶುಕ್ರವಾರ

ನನ್ನ ಮುದ್ದು ಮೊಟ್ಟೆಗೆ, ನನಗಿಂತ ದೊಡ್ಡ ಸೋಮಾರಿಗೆ,

ಈ ಸಲ ತಡವಾದದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಹೋಗು. ಜೂನಿನ ಕಾಗದಕ್ಕೆ ನಿನ್ನಿಂದ ಒಂದು ಅಕ್ಷರವಿಲ್ಲ. ಫೋನಿಗೆ ‘ಹುಷಾರು’ ಅಂತ ಒಂದು ಪದ ಕಳಿಸಿ ಮಾಯವಾದೆ. ಯಾಕೆ ಅಂತ ಗೊತ್ತು ನನಗೆ. ಕೆಟ್ಟ ಸುದ್ದಿ ಬಂದೀತು ಅಂತ ಅಂಚೆಯವನನ್ನು ಕಂಡರೇ ಹೆದರಿ ಕೂತಿದ್ದೀಯ. ಇದನ್ನು ಒಡೆದೆಯಲ್ಲ, ಈಗ ಕೂತುಕೋ, ನೀರು ಕುಡಿ, ಓದು.

ಗೆದ್ದೆ ಕಣೇ! ಹೆಣ್ಣುಮಗು! ಆಗಸ್ಟಿನಲ್ಲಿ, ತಿಂಗಳು ತುಂಬಿಯೇ ಹುಟ್ಟಿದಳು. ನಾನೂ ಇದ್ದೇನೆ, ಅವಳೂ ಇದ್ದಾಳೆ. ಇಬ್ಬರೂ ಕಿರುಚುತ್ತೇವೆ, ಅವಳು ನನಗಿಂತ ಜೋರು. ನಿನಗೆ ಆಗಲೇ ಫೋನು ಮಾಡೋಣ ಅಂತ ಗಂಡ ಹೇಳಿದ. ಬೇಡ, ಹೃದಯದ ಕೊನೆಯ ಸ್ಕ್ಯಾನ್ ಆಗಲಿ, ಪೂರ್ತಿ ಗೆದ್ದ ಮೇಲೇ ಬರೆಯುತ್ತೇನೆ ಅಂತ ನಾನೇ ಹಟ ಹಿಡಿದೆ. ಆ ಸ್ಕ್ಯಾನ್ ಮೊನ್ನೆ ಆಯಿತು.

ಎಂಟನೇ ತಿಂಗಳಲ್ಲಿ ನೋಡಿದಾಗ ಹೃದಯ ಇನ್ನಷ್ಟು ಕುಸಿದಿರಲಿಲ್ಲ, ಮಾತ್ರೆಗಳು ಅದನ್ನು ಕೈಹಿಡಿದು ನಿಲ್ಲಿಸಿದ್ದವು. ಹೆರಿಗೆ ಡಾಕ್ಟರು, ಹೃದಯದ ಡಾಕ್ಟರು, ನೋವು ಮರೆಸುವ ಡಾಕ್ಟರು ಮೂವರೂ ಒಂದೇ ಮೇಜಿಗೆ ಕೂತು ಮೊದಲೇ ಮಾತಾಡಿಕೊಂಡರು. ಹೊಟ್ಟೆ ಕೊಯ್ಯುವುದು ಬೇಡ, ಸಹಜವಾಗಿಯೇ ಆಗಲಿ, ಬೆನ್ನಿಗೆ ಸೂಜಿ ಹಾಕಿ ನೋವು ಕಡಿಮೆ ಮಾಡೋಣ, ಕೊನೆಯಲ್ಲಿ ಅವಳು ಜಾಸ್ತಿ ತಿಣುಕದ ಹಾಗೆ ನಾವೇ ಮಗುವನ್ನು ಎಳೆದುಕೊಳ್ಳೋಣ ಅಂತ. ನನ್ನ ಸುತ್ತ ಅಷ್ಟು ಜನ ದೊಡ್ಡವರು ಸೇರಿದ್ದು ನನ್ನ ಮದುವೆಯಲ್ಲೂ ಇರಲಿಲ್ಲ.

ಹೆರಿಗೆ ಕೋಣೆಯಲ್ಲಿ ಎರಡು ಯಂತ್ರ. ಒಂದರಲ್ಲಿ ನನ್ನ ಎದೆಬಡಿತ, ಇನ್ನೊಂದರಲ್ಲಿ ಅವಳದು. ಅವಳದು ಓಟ, ನನ್ನದು ನಡಿಗೆ. ಗಿಡ್ಡ ಡಾಕ್ಟರು ನನ್ನ ಯಂತ್ರದ ಮುಂದೆ ಸ್ಟೂಲು ಹಾಕಿಕೊಂಡು ಕೂತರು, ಏಳಲೇ ಇಲ್ಲ. ಕೊನೆಯ ಹೊತ್ತು ಬಂತು. ನಾನು ಎಲ್ಲರ ಹಾಗೆ ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ ತಿಣುಕೋಕೆ ಹೊರಟೆ. ಯಂತ್ರ ಟಿಣ್ ಟಿಣ್ ಅಂತ ಕೂಗಿಕೊಂಡಿತು. ‘ಉಸಿರು ಹಿಡೀಬೇಡ! ಎದೆ ಮೇಲೆ ಭಾರ ಹಾಕ್ಬೇಡ! ಸಣ್ಣ ಸಣ್ಣದಾಗಿ ಬಿಡು, ಬಿಡ್ತಾ ಬಿಡ್ತಾ ತಳ್ಳು!’ ಅಂತ ಅವರು ಹಾರನ್ನು ಹೊಡೆದರು. ನನಗೆ ಆ ನೋವಿನಲ್ಲಿ ತಲೆಬುಡ ಅರ್ಥವಾಗಲಿಲ್ಲ. ಸಣ್ಣದಾಗಿ ಅಂದರೆ ಹೇಗೆ ಅಂತ ಅರಚಿದೆ. ಅವರು ಎದ್ದು ನಿಂತು, ನನ್ನ ಮುಖದ ಹತ್ತಿರ ಮುಖ ತಂದು, ‘ಆ ಗುಂಡು ಊದಿದೆಯಲ್ಲ, ಹಾಗೆ! ಕೆನ್ನೇಲಿ!’ ಅಂದರು.

ಅಷ್ಟು ಸಾಕಾಯಿತು. ನನ್ನ ಕೆನ್ನೆಗಳಿಗೆ ಕೆಲಸ ಗೊತ್ತು ಮಾರಾಯ್ತಿ. ಪುಸ್, ಪುಸ್, ಪುಸ್ ಅಂತ ಊದಿದೆ, ಉರಿಯ ಮುಂದೆ ಕೂತ ಹಾಗೆಯೇ ಕಣ್ಣು ಕಿರಿದು ಮಾಡಿಕೊಂಡು. ಯಂತ್ರ ಸುಮ್ಮನಾಯಿತು. ಒಂದು ಪುಟ್ಟ ಬಟ್ಟಲಿನಂಥದ್ದನ್ನು ಮಗುವಿನ ತಲೆಗೆ ಹಿಡಿಸಿ ಹೆರಿಗೆ ಡಾಕ್ಟರು ಮೆಲ್ಲಗೆ ಎಳೆದರು. ನಾನು ಊದಿದೆ, ಅವರು ಎಳೆದರು. ಮೂರನೇ ಸಲಕ್ಕೆ ಬಂದೇಬಿಟ್ಟಳು, ಒದ್ದೆ ಒದ್ದೆ, ಕೆಂಪು ಕೆಂಪು, ಬಂದವಳೇ ಆಸ್ಪತ್ರೆಯ ಕಿಟಕಿ ಅದುರುವ ಹಾಗೆ ಒಂದು ಕೂಗು ಹಾಕಿದಳು. ತಲೆಯಲ್ಲಿ ಒಂದು ಕೂದಲಿಲ್ಲ! ಎಳೆದದ್ದಕ್ಕೆ ತಲೆ ಸ್ವಲ್ಪ ಉದ್ದವಾಗಿ ಥೇಟ್ ಮೊಟ್ಟೆ. ಸಲೂನಿನ ಯಜಮಾನರು ಮಗಳ ತಲೆ ಸವರಿ, ‘ನನಗೆ ಕೆಲಸಾನೇ ಇಲ್ವಲ್ಲ’ ಅಂತ ಅಳುತ್ತಾ ನಕ್ಕರು. ತಲೆ ಎರಡೇ ದಿನಕ್ಕೆ ದುಂಡಗಾಯಿತು. ಆದರೆ ಹೆಸರು ಅಂಟಿಕೊಂಡಿದೆ. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಮರಿಮೊಟ್ಟೆ ಅಂತ. ನಿನ್ನನ್ನು ಕೇಳದೆ ನಿನ್ನ ಹೆಸರು ಕೊಟ್ಟಿದ್ದೇನೆ, ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ.

ಹೆತ್ತ ಕೂಡಲೇ ಗೆದ್ದೆವು ಅಂದುಕೊಂಡು ಕುಣಿಯುವ ಹಾಗಿರಲಿಲ್ಲ. ಹೆರಿಗೆಯಾದ ಮೇಲಿನ ವಾರಗಳಲ್ಲೇ ಹೃದಯದ ಮೇಲೆ ಹೆಚ್ಚು ಕಣ್ಣಿಡಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು. ನನಗೆ ಅದು ಬೇಗ ಅರ್ಥವಾಯಿತು. ಬಿಸಿ ಗಾಜನ್ನು ತಟ್ಟನೆ ಮೇಜಿನ ಮೇಲಿಟ್ಟರೆ ಸೀಳಿಹೋಗುತ್ತದೆ, ಬೆಚ್ಚನೆಯ ಗೂಡಿನಲ್ಲಿಟ್ಟು ನಿಧಾನವಾಗಿ ತಣಿಸಬೇಕು. ಅತ್ತೆ ನನ್ನನ್ನು ಹಾಗೆಯೇ ತಣಿಸಿದರು. ತಕ್ಕಡಿ ಮತ್ತೆ ಬಂತು, ಉಪ್ಪಿಗೆ ಮತ್ತೆ ಬೀಗ ಬಿತ್ತು, ಮಾತ್ರೆಯ ಹೊತ್ತಿಗೆ ಸರಿಯಾಗಿ ಬಂದು ಮುಂದೆ ನಿಂತು, ‘ನುಂಗು. ಬಾಯಿ ತೆಗಿ, ನೋಡ್ತೀನಿ’ ಅನ್ನುತ್ತಿದ್ದರು. ವಾರ್ಡಿನ ದೊಡ್ಡ ನರ್ಸಮ್ಮ ನೆನಪಾದರು. ಪಕ್ಕದ ಮನೆಯ ಬಸುರಿ ಮೊನ್ನೆ ಕಾಲು ಊದುತ್ತೆ ಅಂತ ಬಂದರೆ, ನಮ್ಮ ಅತ್ತೆ ಮರುಮಾತಿಲ್ಲದೆ ಅವಳನ್ನು ಕೈಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದರು. ಅವಳಿಗೆ ಏನೂ ಇರಲಿಲ್ಲ, ಹೊಸ ಚಪ್ಪಲಿ ಬಿಗಿಯಾಗಿತ್ತು ಅಷ್ಟೇ. ‘ಇಲ್ಲ ಅಂತ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು’ ಅಂತ ಗತ್ತಿನಿಂದ ವಾಪಸು ಬಂದರು.

ಮೊನ್ನೆಯ ಸ್ಕ್ಯಾನಿನಲ್ಲಿ ಹೃದಯ ಮೊದಲಿನ ಮಟ್ಟಕ್ಕೆ ಬಂದಿದೆ. ಮಾತ್ರೆ ಇನ್ನೂ ಸ್ವಲ್ಪ ಕಾಲ ಬೇಕು, ವರ್ಷಕ್ಕೊಮ್ಮೆ ಜೀವಮಾನವಿಡೀ ತೋರಿಸಬೇಕು. ತೋರಿಸಿದರಾಯಿತು! ಗಿಡ್ಡ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ, ‘ನೋಡು, ಈಗ ದುಂಡಗಿದೆ ಅಂತ ಮನೇಲಿ ಹೇಳಬಹುದು’ ಅಂದರು. ಅವರ ಮೇಜಿನ ಮೇಲೆ ಒಂದು ಗಾಜಿನ ಹೂದಾನಿ ಇಟ್ಟು ಬಂದೆ.

ಅಲ್ಲಿಂದ ಸೀದಾ ಮಗುವನ್ನು ಎತ್ತಿಕೊಂಡು ಕಾರ್ಖಾನೆಗೆ ಹೋದೆ. ಕೆಲಸಕ್ಕಲ್ಲ, ತೋರಿಸಿ ಬರಲು. ಉರಿಗಳ ಗುಂಯ್ ಸದ್ದಿಗೆ ಮರಿಮೊಟ್ಟೆ ಎಚ್ಚೆತ್ತು ತನ್ನ ಆ ಕೂಗು ಹಾಕಿದಳು. ನಿಲ್ಲಿಸಲೇ ಇಲ್ಲ. ಮುಖ ಕೆಂಪಾಯಿತು, ನೀಲಿಯಾಗುವ ಹಾಗಾಯಿತು, ಆಮೇಲೆ ಉಸಿರು ಎಳೆದುಕೊಂಡಳು. ಮೇಸ್ತ್ರಿ ಕೊಳವೆ ಕೆಳಗಿಟ್ಟು, ‘ಅಬ್ಬಾ! ಒಂದೇ ಉಸಿರು’ ಅಂದರು. ಖಾನೆ ಎಳೆದು ಹತ್ತಿಯಲ್ಲಿ ಸುತ್ತಿಟ್ಟಿದ್ದ ನನ್ನ ಆ ಗುಂಡನ್ನು ಹೊರತೆಗೆದರು. ಪುಡಿಗಾಜಿನ ಡಬ್ಬಕ್ಕೆ ಹೋಗಿದೆ ಅಂತಲೇ ನಾನು ಅಂದುಕೊಂಡಿದ್ದೆ. ‘ಕೆನ್ನೇಲೇ ಹೆತ್ತೆಯಂತೆ, ನಿನ್ನ ಗಂಡ ಹೇಳಿದ. ಹಂಗಾದ್ರೆ ಇದೂ ಲೆಕ್ಕಕ್ಕೆ ಬಂತು’ ಅಂತ ಸ್ಟೂಲು ಹತ್ತಿ ತಂತಿಗೆ ತೂಗುಹಾಕಿದರು. ಅದರ ಬೆಳಕಿನ ಚುಕ್ಕೆ ಗೋಡೆಯ ಮೇಲೆ ಓಡಾಡುವುದನ್ನು ನೋಡುತ್ತಾ ಮರಿಮೊಟ್ಟೆ ಸುಮ್ಮನಾದಳು. ಪಕ್ಕದ ಮೇಜಿನವಳು ಚಪ್ಪಾಳೆ ತಟ್ಟಿದಳು, ಈ ಸಲ ಮೇಸ್ತ್ರಿಯೂ ತಟ್ಟಿದರು. ನಾನು ಗಟ್ಟಿಯಾಗಿ ಅತ್ತೆ. ಸ್ನಾನದ ಕೋಣೆಯಲ್ಲಲ್ಲ, ಎಲ್ಲರ ಮುಂದೆ.

ಇನ್ನೇನು ಬರೆಯಲಿ? ನಿನ್ನ ಗಂಡನಿಗೆ ನನ್ನ ನೆನಪು ಹೇಳು. ನೀನು ಹೋಗುವ ದಾರಿಯ ದೀಪಗಳೆಲ್ಲ ಹಸಿರೇ ಇರಲಿ, ಚಿಲ್ಲರೆಗೆ ಜಗಳ ಮಾಡುವ ಪ್ರಯಾಣಿಕರು ಬೇರೆ ಬಸ್ಸು ಹತ್ತಲಿ, ನಿನ್ನ ಕೂದಲು ಬೆಳ್ಳಗಾಗುವ ತನಕ ನೀನು ಬದುಕಿರುವಂತಾಗಲಿ ಅಂತ ಮರಿಮೊಟ್ಟೆಯ ಪರವಾಗಿ ನಾನೇ ಹರಸುತ್ತೇನೆ. ಅವಳಿಗೆ ಸದ್ಯಕ್ಕೆ ಕೂಗುವುದು ಬಿಟ್ಟು ಬೇರೇನೂ ಬರುವುದಿಲ್ಲ.

ಎಂದೆಂದಿಗೂ ನಿನ್ನ
ಕುಂಬಳಕಾಯಿ

ಮರೆತದ್ದು: ಮರೆತಿರಲಿಲ್ಲ, ಬರೆಯೋಕೆ ಕೈ ಬಂದಿರಲಿಲ್ಲ.

ಹೋದ ಭಾನುವಾರ ಗುಬ್ಬಿಯ ಅಮ್ಮ ಬಂದಿದ್ದರು. ವಾರ್ಡಿನಲ್ಲಿ ನಮ್ಮ ಮೂರೂ ಬೋಳುತಲೆಗಳಿಗೆ ಒಂದೇ ಬಣ್ಣದ ಬಟ್ಟೆ ಕಟ್ಟುತ್ತಿದ್ದರಲ್ಲ, ಅವರೇ. ಗುಬ್ಬಿಯ ಮಗಳು ತನ್ನ ಅಪ್ಪನ ಮನೆಯಲ್ಲಿ ಬೆಳೆಯುತ್ತಿದ್ದಾಳೆ, ಶಾಲೆಗೆ ಹೋಗುತ್ತಾಳಂತೆ. ಮರಿಮೊಟ್ಟೆಯನ್ನು ತೊಡೆಯ ಮೇಲೆ ಹಾಕಿದೆ. ಎತ್ತಿಕೊಂಡರು, ಮುತ್ತಿಟ್ಟರು, ಬೇಗನೆ ವಾಪಸು ಕೊಟ್ಟುಬಿಟ್ಟರು. ನಾನು ಇದ್ದೇನೆ, ಅವರ ಮಗಳು ಇಲ್ಲ. ಅದೇ ಕೆಂಪು ಶರಬತ್ತು, ಅದೇ ವಾರ್ಡು, ಪಕ್ಕಪಕ್ಕದ ಹಾಸಿಗೆ.

ಆಮೇಲೆ ಅವರು ಕೇಳಿದರು, ‘ಒಂದ್ಸಲ ನಿನ್ನ ಎದೆ ಮೇಲೆ ಕಿವಿ ಇಡ್ಲಾ ಮಗಳೇ?’

ಮಗುವನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ನನ್ನ ಎದೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೂತರು. ನಾನು ಅಲ್ಲಾಡಲಿಲ್ಲ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು. ಎಷ್ಟೋ ಹೊತ್ತಿನ ಮೇಲೆ ಗುಬ್ಬಿಯ ಅಮ್ಮ ತಲೆಯೆತ್ತಿ, ‘ಚೆನ್ನಾಗಿ ಹೊಡ್ಕೋತಿದೆ ಕಣೆ. ನನ್ನ ಮಗಳದ್ದನ್ನ ಯಾರೂ ಹಿಂಗೆ ಕೇಳಿಸ್ಕೊಳ್ಲಿಲ್ಲ’ ಅಂದರು. ನನ್ನ ರವಿಕೆ ಅವರ ಕಣ್ಣೀರಿಗೆ ಒದ್ದೆಯಾಗಿತ್ತು. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತು ನಿನ್ನ ಬಗ್ಗೆ ಕೇಳಿದರು. ಇನ್ನೊಬ್ಬಳು ಹೇಗಿದಾಳೆ, ಅವಳ ಎದೆ ಹೇಗಿದೆ ಅಂತ.

ನನಗೆ ಗೊತ್ತಿಲ್ಲ ಅಂದೆ. ನಿನಗೂ ಗೊತ್ತಿಲ್ಲವಲ್ಲ.

ಬಾ. ಗಿಡ್ಡ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ಅತ್ತೆಯೂ ಬರುತ್ತಾರಂತೆ. ಅಲ್ಲಿಂದ ಗುಬ್ಬಿಯ ತವರಿಗೆ ಹೋಗೋಣ. ಅವಳ ಅಮ್ಮನಿಗೆ ನಿನ್ನದೂ ಒಂದು ಸಲ ಕೇಳಬೇಕಂತೆ.